ಎರೆಸೀಮೆಯವರ ಕಡಲವಿಹಾರ ಮೀಮಾಂಸೆ

ಕಡಲತೀರದಲ್ಲಿ ಕುಟುಂಬಸಮೇತ ಮಾಡಬಹುದಾದ ಕೆಲಸಗಳನ್ನು ಪಟ್ಟಿಮಾಡುವ ಪ್ರವಾಸಿ ಕೈಪಿಡಿಗಳು, ಕುಟುಂಬವೆಂದರೆ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಮತ್ತು ಒಂದು ಬಣ್ಣದ ಚೆಂಡು ಎಂದು ಭಾವಿಸಿಕೊಂಡಿರುತ್ತವೆ. ಹುಬ್ಬಳ್ಳಿ–ಗದಗ ರಸ್ತೆಯ ಶಿರಗುಪ್ಪಿಯಂಥ ಊರಿನಲ್ಲಿ ಕುಟುಂಬ ಅಷ್ಟಕ್ಕೇ ಮುಗಿಯುವುದಿಲ್ಲ. ಅಜ್ಜ, ಅಜ್ಜಿ, ದೊಡ್ಡವ್ವ, ಕಾಕಾ, ಚಿಗವ್ವ, ಅವರೆಲ್ಲರ ಮಕ್ಕಳು, ಜಾತ್ರೆಗೆಂದು ಬಂದು ಇನ್ನೂ ಊರಿಗೆ ಮರಳದ ಬೀಗರು, ಹೀಗೆ ಎಲ್ಲರೂ ಒಂದೇ ಕ್ರೂಸರಿನಲ್ಲಿ ಹಿಡಿಸಬೇಕು. ಕ್ರೂಸರ್ ಎಂದರೆ ಮದುವೆ, ಆಸ್ಪತ್ರೆ, ಸಂತೆ, ದೇವರ ದರ್ಶನ ಯಾವುದಕ್ಕೆ ಬೇಕಾದರೂ ಉತ್ತರ ಕರ್ನಾಟಕದಲ್ಲಿ ಬಾಡಿಗೆಗೆ ಸಿಗುವ, ಆಸನಗಳೆಷ್ಟು ಎಂಬುದನ್ನು ಹೊರಡುವ ದಿನ ಯಾರೂ ಎಣಿಸದ ವಾಹನ. ಇಂಥ ಕುಟುಂಬ ಸಮುದ್ರದ ದಂಡೆಯಲ್ಲಿ ನಿಜವಾಗಿ ಏನು ಮಾಡುತ್ತದೆ ಎಂಬುದನ್ನು ಶಾಸ್ತ್ರೀಯವಾಗಿ ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ.

ಶಿರಗುಪ್ಪಿಗೂ ಸಮುದ್ರಕ್ಕೂ ಇರುವ ನಂಟು ಹೊಸದಲ್ಲ. ಊರ ಮುಂದಿನ ರಸ್ತೆ ಇಂದು ರಾಷ್ಟ್ರೀಯ ಹೆದ್ದಾರಿ 67 ಎನಿಸಿಕೊಂಡಿದ್ದರೂ, 2010ರಲ್ಲಿ ಹೆದ್ದಾರಿಗಳ ಸಂಖ್ಯೆಗಳನ್ನು ಬದಲಿಸುವವರೆಗೆ ಅದು 63 ಆಗಿತ್ತು. ಆ 63 ಅಂಕೋಲೆಯಲ್ಲಿ ಹುಟ್ಟಿ, ಯಲ್ಲಾಪುರ, ಕಲಘಟಗಿ, ಹುಬ್ಬಳ್ಳಿ, ಗದಗ, ಕೊಪ್ಪಳ, ಬಳ್ಳಾರಿಗಳನ್ನು ದಾಟಿ ಆಂಧ್ರದ ಗುತ್ತಿಯಲ್ಲಿ ಮುಗಿಯುತ್ತಿದ್ದುದರಿಂದ, ಶಿರಗುಪ್ಪಿಯ ಬಸ್‌ಸ್ಟ್ಯಾಂಡಿನಿಂದ ಪಶ್ಚಿಮಕ್ಕೆ ಮುಖಮಾಡಿ ಅದೇ ಹೆದ್ದಾರಿ ಹಿಡಿದು ನಡೆದವನು ಕಡೆಗೆ ಅರಬ್ಬಿ ಸಮುದ್ರದ ಮಗ್ಗುಲಿಗೇ ಬಂದು ನಿಲ್ಲಬೇಕಾಗಿತ್ತು. ಹಾಗೆ ನೋಡಿದರೆ ಈ ಸೀಮೆಯ ಜನರಿಗಿಂತ ಮೊದಲು ಇಲ್ಲಿಯ ಹತ್ತಿಯೇ ಕಡಲು ಕಂಡಿತ್ತು. ಧಾರವಾಡ ಸೀಮೆಯ ಎರೆಹೊಲಗಳ, ಎಂದರೆ ಕಪ್ಪುಮಣ್ಣಿನ ಹೊಲಗಳ, ಜವಾರಿ ಹತ್ತಿ 19ನೆಯ ಶತಮಾನದಲ್ಲಿ ಘಟ್ಟವಿಳಿದು ಕುಮಟೆಯ ಬಂದರಿನಲ್ಲಿ ಹಡಗು ಹತ್ತುತ್ತಿದ್ದ ಕಾರಣ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು ಬಿದ್ದಿತ್ತು. ಬೆಳೆದವರೊಬ್ಬರು, ಹೆಸರು ಹೊತ್ತವರೊಬ್ಬರು ಎಂಬ ದೂರು ಅಂದಿನಿಂದಲೂ ಇದೆ. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ, ಕಾರವಾರವನ್ನು ಬಂದರಾಗಿ ಬೆಳೆಸಹೊರಟಿದ್ದರ ಹಿಂದೆಯೂ ಈ ಹತ್ತಿಯ ಮೇಲೆ ಕಣ್ಣಿಟ್ಟಿದ್ದ ಇಂಗ್ಲೆಂಡಿನ ಗಿರಣಿಯವರ ಒತ್ತಾಯವಿತ್ತು. ಹತ್ತಿಗೆ ಇದ್ದ ಈ ಅವಸರ ಜನರ ವಿಷಯದಲ್ಲಿ ಕಾಣಲಿಲ್ಲ. 1990ರ ದಶಕದ ಕೊನೆಯಲ್ಲಿ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗವು ಕಾಡು, ಕೋರ್ಟು, ಸಮಿತಿ ಎಂಬ ನಿಲ್ದಾಣಗಳಲ್ಲಿ ನಿಲ್ಲುತ್ತ ನಿಲ್ಲುತ್ತ ಇನ್ನೂ ಕಾಗದದ ಮೇಲೆಯೇ ಓಡುತ್ತಿರುವುದರಿಂದ, ಕ್ರೂಸರಿಗೆ ಸದ್ಯಕ್ಕೆ ಪ್ರತಿಸ್ಪರ್ಧಿಗಳಿಲ್ಲ.

ಬರೀ ಸಮುದ್ರ ನೋಡುವುದಕ್ಕೆಂದು ಎರೆಸೀಮೆಯಲ್ಲಿ ಯಾರೂ ಮನೆ ಬಿಡುವುದಿಲ್ಲ ಎಂಬುದನ್ನು ಮೊದಲನೆಯ ಸೂತ್ರವಾಗಿ ಗ್ರಹಿಸಬೇಕು. ಮಾತೆತ್ತಿದ ಕೂಡಲೇ ಅಜ್ಜ, "ಬರೇ ನೀರ ನೋಡಾಕ ಅಷ್ಟ ದೂರ ಯಾಕ ಹೋಗಬೇಕು? ಬೆಣ್ಣಿಹಳ್ಳ ಬಂದಾಗ ಇಲ್ಲೇ ನೋಡಿದ್ರಾತು" ಎಂದು ಆಕ್ಷೇಪಿಸುತ್ತಾನೆ. ಬೆಣ್ಣೆಹಳ್ಳವೆಂದರೆ ಬೇಸಿಗೆಯಲ್ಲಿ ಹೆಸರಿಗಷ್ಟೇ ಉಳಿದು, ಮಳೆಗಾಲದಲ್ಲಿ ಸೊಕ್ಕೇರಿ ಹೊಲಗಳ ಮೇಲೆ ಹಾಯ್ದು ಮಲಪ್ರಭೆಯನ್ನು ಸೇರುವ ಹಳ್ಳವಾದ್ದರಿಂದ, ನೀರು ಎಂಬುದು ನೋಡಿ ಆನಂದಿಸುವ ವಸ್ತುವೆಂದು ಅವನಿಗೆ ಅನ್ನಿಸದಿರುವುದು ಸಹಜವೇ. ಗೋಕರ್ಣದ ಮಹಾಬಲೇಶ್ವರ, ಇಡಗುಂಜಿಯ ಗಣಪ, ಮುರುಡೇಶ್ವರ ಇವರ ಹೆಸರು ತಂದ ಮೇಲೆಯೇ ಆಕ್ಷೇಪ ಕರಗುತ್ತದೆ. ಅಮಾವಾಸ್ಯೆಯ ದಿನ ಸಮುದ್ರಸ್ನಾನ ಶ್ರೇಷ್ಠವೆಂದು ಅಜ್ಜಿ ಸೇರಿಸಿದರೆ ದಿನವೂ ನಿಶ್ಚಯವಾದಂತೆ. ಈ ದಿನದ ಆಯ್ಕೆ ಮುಂದೆ ತರುವ ಪರಿಣಾಮಗಳನ್ನು ಚಪ್ಪಲಿಗಳ ಪ್ರಕರಣದಲ್ಲಿ ವಿವರಿಸಲಾಗುವುದು.

ಅರಬೈಲ್ ಘಟ್ಟದ ತಿರುವುಗಳಲ್ಲಿ ಮಕ್ಕಳಿಗೂ ಕೆಲವು ದೊಡ್ಡವರಿಗೂ ಆಗುವುದನ್ನು ವಿಸ್ತರಿಸುವ ಅಗತ್ಯವಿಲ್ಲ. ಲಿಂಬೆಹಣ್ಣು ಎಲ್ಲರ ಕೈಯಲ್ಲಿರುತ್ತದೆ, ಉಪಯೋಗಕ್ಕೆ ಮಾತ್ರ ಬರುವುದಿಲ್ಲ. ಅಂಕೋಲೆಯಲ್ಲಿ ಎಡಕ್ಕೆ ತಿರುಗಿದರೆ ಗೋಕರ್ಣ, ಬಲಕ್ಕೆ ತಿರುಗಿದರೆ ಕಾರವಾರ. ದೇವರು ಎಡಗಡೆಯಿದ್ದಾನೆಂದು ಗೊತ್ತಿದ್ದೂ ಮಕ್ಕಳ ಗದ್ದಲಕ್ಕೆ ಮಣಿದು ಬಂಡಿ ಮೊದಲು ಬಲಕ್ಕೆ ತಿರುಗುತ್ತದೆ.

ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಇಳಿದ ಎರೆಸೀಮೆಯ ಒಕ್ಕಲಿಗನು ಮೊದಲು ಮಾಡುವುದು ದೃಶ್ಯವೀಕ್ಷಣೆಯಲ್ಲ, ತಪಾಸಣೆ. ಅವನ ಕಡೆಯ ಅನೇಕ ಊರುಗಳಲ್ಲಿ ಬೋರಿನ ನೀರು ಸವಳು, ಎಂದರೆ ಉಪ್ಪುಪ್ಪಾಗಿದ್ದು ಕುಡಿಯಲು ಬಾರದಂಥದು, ಆದುದರಿಂದ ತಲೆಮಾರುಗಳಿಂದ ಕೆರೆಯ ನೀರನ್ನೇ ನಂಬಿ ಬದುಕಿದವರಿಗೆ ಹೊಸ ನೀರು ಕಂಡಾಗ ರುಚಿ ನೋಡುವುದು ಅಭ್ಯಾಸವಾಗಿಬಿಟ್ಟಿರುತ್ತದೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಕರಗಿರುವ ಆ ನೀರನ್ನು ಬೆರಳಿನಿಂದ ನಾಲಗೆಗೆ ತಾಗಿಸಿ, ತುಸು ಹೊತ್ತು ವಿಚಾರಮಾಡಿ, "ಸವಳ ಐತಿ" ಎಂದು ತೀರ್ಪು ಕೊಟ್ಟ ಬಳಿಕ ಅವನ ಗಮನ ಉಸುಕಿನ ಕಡೆಗೆ ಹೊರಳುತ್ತದೆ. ಉಸುಕು ಎಂದರೆ ಮರಳು. ಎರೆಭೂಮಿಯಲ್ಲಿ ಅದು ಹೊಲದಲ್ಲಿ ಸಿಗುವ ಪದಾರ್ಥವಲ್ಲ. ಮನೆ ಕಟ್ಟಿಸುವವನು ಟ್ರಿಪ್ಪಿನ ಲೆಕ್ಕದಲ್ಲಿ ರೊಕ್ಕ ಕೊಟ್ಟು ತರಿಸಿ, ರಾತ್ರಿ ಯಾರಾದರೂ ತುಂಬಿಕೊಂಡು ಹೋದಾರೆಂದು ಕಾಯುವ ಸಂಪತ್ತು. ಹೀಗಾಗಿ ಕಣ್ಣು ಹಾಯುವಷ್ಟು ದೂರ ಹೇಳುವವರು ಕೇಳುವವರು ಇಲ್ಲದೆ ಬಿದ್ದಿರುವ ಉಸುಕನ್ನು ಕಂಡಾಗ ಕಾಕಾನಿಗೆ ನೆನಪಾಗುವುದು ಕವಿತೆಯಲ್ಲ, ಮಾಳಿಗೆಯ ಮೇಲಿನ ಅರ್ಧಕ್ಕೆ ನಿಂತ ಖೋಲಿ. ಸಮುದ್ರದ ಮರಳಿನಲ್ಲಿರುವ ಉಪ್ಪು ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳಿಗೆ ತುಕ್ಕು ಹಿಡಿಸಿ ಕಟ್ಟಡವನ್ನು ಕೆಡಿಸುತ್ತದೆ ಎಂಬ ವಿಚಾರವನ್ನು ಡಿಪ್ಲೊಮಾ ಓದುತ್ತಿರುವ ಹುಡುಗನೊಬ್ಬ ತಿಳಿಸಿದಾಗ ಮಾತ್ರ ಆ ದೀರ್ಘ ನಿಟ್ಟುಸಿರು ಕೊನೆಗೊಳ್ಳುತ್ತದೆ.

ಇನ್ನು ಮುಖ್ಯ ಪ್ರಕರಣ. ಕಡಲತೀರದ ಎಲ್ಲ ಚಟುವಟಿಕೆಗಳಲ್ಲಿ ಅತ್ಯಂತ ಹೊಣೆಗಾರಿಕೆಯದು, ಆದರೂ ಯಾವ ಕೈಪಿಡಿಯಲ್ಲಿಯೂ ನಮೂದಾಗದೆ ಉಳಿದದ್ದು, ಚಪ್ಪಲಿ ಕಾಯುವ ಕೆಲಸ. ಈ ಹುದ್ದೆಗೆ ಅರ್ಜಿಯೂ ಇಲ್ಲ, ಚುನಾವಣೆಯೂ ಇಲ್ಲ. "ನಾ ಇಲ್ಲೇ ಕುಂದರ್ತೇನಿ, ನೀವು ಹೋಗ್ರಿ" ಎಂದು ಮೊದಲ ಪ್ರವಾಸದಲ್ಲಿ ಔದಾರ್ಯದಿಂದ ನುಡಿದವರು ಮುಂದಿನ ಎಲ್ಲ ಪ್ರವಾಸಗಳಿಗೂ ನೇಮಕವಾಗಿಬಿಡುತ್ತಾರೆ, ಮತ್ತು ಹಾಗೆ ನುಡಿದವರು ಸಾಮಾನ್ಯವಾಗಿ ದೊಡ್ಡವ್ವ. ಅವಳ ಸುತ್ತ ಚಪ್ಪಲಿಗಳು ಮಾತ್ರವಲ್ಲ, ಮೊಬೈಲುಗಳು, ಕೈಗಡಿಯಾರಗಳು, ಅಜ್ಜನ ಚಂಚಿ (ಎಲೆ, ಅಡಿಕೆ, ಸುಣ್ಣ ಮತ್ತು ಗುಟ್ಟಾಗಿ ಮಡಚಿದ ನೋಟುಗಳನ್ನಿಡುವ ಬಟ್ಟೆಯ ಚೀಲ), ಬುತ್ತಿಯ ಗಂಟು, ಒಣ ಬಟ್ಟೆಗಳು, ನೀರಿಗೆ ಹೆದರಿ ಅಳುವ ಒಂದು ಕೂಸು, ಇಷ್ಟೂ ಸೇರುತ್ತವೆ. ಬಂದವರೆಲ್ಲ ಕಡಲನ್ನು ನೋಡುತ್ತಿದ್ದರೆ ಅವಳು ಮಾತ್ರ ಕಡಲಿಗೆ ಬೆನ್ನುಕೊಟ್ಟು, ರಾಶಿಯ ಸಮೀಪ ಸುಳಿದಾಡುವ ನಾಯಿಯನ್ನು ನೋಡುತ್ತಿರುತ್ತಾಳೆ.

ಈ ವೃತ್ತಿಯ ನಿಜವಾದ ಕಷ್ಟ ನಾಯಿಯಿಂದಲ್ಲ, ಚಂದ್ರನಿಂದ. ಸಮುದ್ರದ ನೀರು ಸುಮಾರು ಆರು ತಾಸು ಏರುತ್ತ, ಸುಮಾರು ಆರು ತಾಸು ಇಳಿಯುತ್ತ ಇರುತ್ತದೆ. ಏರುವುದು ಉಬ್ಬರ, ಇಳಿಯುವುದು ಇಳಿತ. ಅಮಾವಾಸ್ಯೆ ಮತ್ತು ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತಗಳು ಒಂದೇ ಸಾಲಿನಲ್ಲಿ ಕೂಡುವುದರಿಂದ ಉಬ್ಬರವು ಉಳಿದ ದಿನಗಳಿಗಿಂತ ಮೇಲಕ್ಕೇರುತ್ತದೆ. ಪುಣ್ಯದ ಆಸೆಯಿಂದ ಅಮಾವಾಸ್ಯೆಯನ್ನೇ ಆರಿಸಿಕೊಂಡು ಬಂದ ಕುಟುಂಬವು ನೀರು ದೂರವಿದ್ದಾಗ ಒದ್ದೆ ಉಸುಕಿನ ಅಂಚಿಗೆ ರಾಶಿಯನ್ನೊಟ್ಟಿ ಹೋಗಿರುತ್ತದೆ. ತಾಸು ಕಳೆಯುವುದರೊಳಗೆ ಮೊದಲ ಅಲೆ ಬಂದು ಮೂಸಿ ಹೋಗುತ್ತದೆ. ದೊಡ್ಡವ್ವ ಕೂಸನ್ನು ಕಂಕುಳಲ್ಲಿಟ್ಟುಕೊಂಡು ರಾಶಿಯನ್ನು ಹತ್ತು ಹೆಜ್ಜೆ ಹಿಂದಕ್ಕೆ ಸಾಗಿಸುತ್ತಾಳೆ, ಅಲೆ ಅಲ್ಲಿಗೂ ಬರುತ್ತದೆ, ಅವಳು ಮತ್ತೆ ಸಾಗಿಸುತ್ತಾಳೆ. ನೀರಿನಿಂದ ಎದ್ದು ಬಂದವರು ರಾಶಿ ಇದ್ದ ಜಾಗದಲ್ಲಿ ಅದನ್ನು ಕಾಣದೆ ಗಾಬರಿಯಾಗಿ, ಗಾಳಿಮರಗಳ ಕೆಳಗೆ ಅವಳನ್ನು ಪತ್ತೆಹಚ್ಚಿ, "ಇಲ್ಲಿಗ್ಯಾಕ ಬಂದ್ಯವಾ?" ಎಂದು ಗದರಿಸುತ್ತಾರೆ. ಎಣಿಸಿ ನೋಡಿದಾಗ ಬೀಗರ ಎಡಗಾಲಿನ ಚಪ್ಪಲಿ ಇರುವುದಿಲ್ಲ. ತೀರಕ್ಕೆ ಓರೆಯಾಗಿ ಬಂದು ಹೊಡೆಯುವ ಅಲೆಗಳು ತೇಲುವ ವಸ್ತುಗಳನ್ನು ದಂಡೆಯುದ್ದಕ್ಕೂ ಪಕ್ಕಕ್ಕೆ ಸರಿಸುತ್ತ ಹೋಗುವುದರಿಂದ, ಆ ಎಡಗಾಲಿನದು ಅಷ್ಟು ಹೊತ್ತಿಗೆ ಬಹಳ ದೂರದಲ್ಲಿ ಇನ್ನೊಂದು ಕುಟುಂಬದ ರಾಶಿಯನ್ನು ಸೇರಿರುವ ಸಂಭವವುಂಟು. ಉಳಿದ ಬಲಗಾಲಿನದನ್ನು ಬಿಸಾಡಬೇಕೋ ಊರಿಗೆ ಒಯ್ಯಬೇಕೋ ಎಂಬ ಪ್ರಶ್ನೆಗೆ ಧರ್ಮಶಾಸ್ತ್ರದಲ್ಲಿ ಸ್ಪಷ್ಟ ನಿರ್ಣಯವಿಲ್ಲ. ಬೀಗರಾದ್ದರಿಂದ ಯಾರೂ ನಗುವಂತೆಯೂ ಇಲ್ಲ.

ನೀರಿಗಿಳಿಯುವ ವಿಧಾನವನ್ನು ಸಂಕ್ಷೇಪವಾಗಿ ಹೇಳಬಹುದು. ಹೆಂಗಸರು ಇದಕ್ಕೆಂದೇ ತಂದ ಹಳೆಯ ಸೀರೆಯುಟ್ಟು, ಒಬ್ಬರ ಕೈಯನ್ನೊಬ್ಬರು ಹಿಡಿದು ಸಾಲಾಗಿ ನಿಂತು, ಮೊಳಕಾಲಿಗಿಂತ ಮೇಲೆ ಹೋಗುವುದಿಲ್ಲವೆಂದು ಮಾತಾಡಿಕೊಂಡು, ಮೂರನೆಯ ಅಲೆಗೆ ಎಲ್ಲರೂ ಒಟ್ಟಿಗೆ ಕುಳಿತುಬಿಡುತ್ತಾರೆ. ಗಂಡಸರು ಪಟ್ಟಾಪಟ್ಟಿ ಚಡ್ಡಿಯಲ್ಲಿ ಇನ್ನಷ್ಟು ಮುಂದೆ ಹೋಗಬಯಸುತ್ತಾರೆ, ಏಕೆಂದರೆ ಅವರಲ್ಲಿ ಹಲವರು ಹೊಲದ ಬಾವಿಯಲ್ಲಿ ಈಜು ಕಲಿತವರು. ಬಾವಿಯ ನೀರು ನಿಂತಲ್ಲೇ ನಿಲ್ಲುತ್ತದೆ. ಸಮುದ್ರದಲ್ಲಿ ದಂಡೆಗೆ ಬಂದ ನೀರು ಇಕ್ಕಟ್ಟಾದ ದಾರಿಗಳಲ್ಲಿ ರಭಸದಿಂದ ಹಿಂದಕ್ಕೆ ಸರಿಯುವಾಗ ಒಳ್ಳೆಯ ಈಜುಗಾರನನ್ನೂ ಎಳೆದೊಯ್ಯಬಲ್ಲದು. ಆದ್ದರಿಂದ ಕಾವಲಿನ ಸಿಬ್ಬಂದಿ ಸೀಟಿ ಊದಿದಾಗ ಹಿಂದಿರುಗುವುದು ಮರ್ಯಾದೆಗೆ ಕುಂದಲ್ಲ ಎಂಬುದನ್ನು, ಹಾಸ್ಯವನ್ನು ತುಸು ಬದಿಗಿಟ್ಟು, ಇಲ್ಲಿ ಹೇಳಲೇಬೇಕು.

ದಂಡೆಯ ಮೇಲೆ ನಿಲ್ಲಿಸಿರುವ ಯುದ್ಧನೌಕೆಯ ವಸ್ತುಸಂಗ್ರಹಾಲಯವು ಕುಟುಂಬದ ಯಜಮಾನನಿಗೆ ತನ್ನ ಪಾಂಡಿತ್ಯವನ್ನು ಪ್ರಕಟಿಸಲು ದೊರೆಯುವ ಅವಕಾಶ. ಐಎನ್‌ಎಸ್ ಚಪಲ್ ಎಂಬ ಹೆಸರು ಕಿವಿಗೆ ಬಿದ್ದಾಗ ದೊಡ್ಡವ್ವ ತನ್ನ ಖಾತೆಯ ಸುದ್ದಿಯೆಂದು ತಿಳಿದು ತಲೆಯೆತ್ತಿ ನೋಡುವುದುಂಟು. ಇದೊಂದು ಕ್ಷಿಪಣಿ ದೋಣಿ, ಎಂದರೆ ಗಾತ್ರದಲ್ಲಿ ಚಿಕ್ಕದಾಗಿದ್ದು ವೇಗವಾಗಿ ಹೋಗಿ ದೊಡ್ಡ ಹಡಗುಗಳ ಮೇಲೆ ಕ್ಷಿಪಣಿ ಹಾರಿಸಿ ಮರಳುವ ನೌಕೆ. ಸೋವಿಯತ್ ದೇಶದಲ್ಲಿ ತಯಾರಾಗಿ, 1976ರಲ್ಲಿ ಭಾರತದ ನೌಕಾಪಡೆಗೆ ಸೇರಿ, 2005ರಲ್ಲಿ ನಿವೃತ್ತಿ ಹೊಂದಿ, ಮರುವರ್ಷದಿಂದ ಕಾರವಾರದಲ್ಲಿ ನೆಲೆಗೊಂಡಿದೆ. 1971ರ ಯುದ್ಧದಲ್ಲಿ ಕರಾಚಿಯನ್ನು ಸುಟ್ಟ ಹಡಗು ಇದೇ ಎಂದು ಯಜಮಾನನು ಕೈಬೀಸಿ ವಿವರಿಸುವಾಗ ಮಕ್ಕಳು ಬಾಯಿ ತೆರೆದು ಕೇಳುತ್ತಾರೆ. ಕರಾಚಿಯ ಮೇಲೆ ಎರಗಿದ್ದು ಇದೇ ಓಸಾ ಜಾತಿಯ ಹಿಂದಿನ ತಂಡದ ದೋಣಿಗಳು, ಚಪಲ್ ಸೇವೆಗೆ ಸೇರಿದ್ದೇ ಯುದ್ಧ ಮುಗಿದು ಸುಮಾರು ಐದು ವರ್ಷಗಳ ಮೇಲೆ ಎಂಬುದನ್ನು ಅವನಿಗೆ ತಿಳಿಸುವ ಧೈರ್ಯ ಮನೆಯಲ್ಲಿ ಒಬ್ಬರಿಗೇ ಇದೆ, ಅವರು ಚಪ್ಪಲಿ ಕಾಯುತ್ತಿದ್ದಾರೆ.

ಟಾಗೋರರ ಹೆಸರು ಈ ದಂಡೆಗೆ ಬಂದದ್ದಕ್ಕೂ ಕುಟುಂಬವೇ ಕಾರಣ. ಐ.ಸಿ.ಎಸ್. ಸೇರಿದ ಮೊದಲ ಭಾರತೀಯರಾದ ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಆರಂಭದಲ್ಲಿ, ಇನ್ನೂ ಇಪ್ಪತ್ತೆರಡರ ಸುಮಾರಿನ ರವೀಂದ್ರರು ಬಂದು ತಂಗಿ, ಇಲ್ಲಿ 'ಪ್ರಕೃತಿರ್ ಪ್ರತಿಶೋಧ್' ನಾಟಕವನ್ನು ಬರೆದರು. ಅಣ್ಣನ ಮನೆಯಲ್ಲಿ ಊಟ, ವಾಸ ಎರಡೂ ಇದ್ದು, ಕಾಯಲು ರಾಶಿ ಚಪ್ಪಲಿಗಳಿಲ್ಲದಿದ್ದರೆ ಕಡಲತೀರದಲ್ಲಿ ಸಾಹಿತ್ಯರಚನೆ ಸಾಧ್ಯ ಎಂಬುದಕ್ಕೆ ಇದು ಉತ್ತಮ ನಿದರ್ಶನ.

ಹಸಿವಾದಾಗ ಬುತ್ತಿ ಬಿಚ್ಚಲಾಗುತ್ತದೆ. ಬುತ್ತಿಯೆಂದರೆ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಎಣ್ಣೆಗಾಯಿ ಬದನೆಕಾಯಿ, ಮೊಸರನ್ನ. ಇವುಗಳಲ್ಲಿ ರೊಟ್ಟಿಗೆ ಒದಗುವ ದುರ್ಗತಿ ಮನಕರಗಿಸುವಂಥದು. ಬೇಯಿಸಿ ನೀರಿನಂಶ ಪೂರ್ತಿ ಹೋಗುವಂತೆ ಒಣಗಿಸಿದ ಕಡಕ್ ರೊಟ್ಟಿಯು ಶಿರಗುಪ್ಪಿಯ ಒಣಹವೆಯಲ್ಲಿ ವಾರಗಟ್ಟಲೆ ಗರಿಗರಿಯಾಗಿ, ಮುರಿದರೆ ಪಕ್ಕದ ಮನೆಗೆ ಕೇಳಿಸುವಂತಿರುತ್ತದೆ. ಅದೇ ರೊಟ್ಟಿ ಕಡಲಗಾಳಿಯ ತೇವವನ್ನು ಹೀರಿಕೊಂಡು, ಅರಿವೆಯ ಗಂಟು ಬಿಚ್ಚಿದ ಕೆಲಹೊತ್ತಿಗೆ ಮೆತ್ತಗಾಗಿ, ಮುರಿಯಹೋದರೆ ಮುರಿಯದೆ ಹಪ್ಪಳದ ಹಿಟ್ಟಿನಂತೆ ಬಾಗುತ್ತದೆ. ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, ಅದು ಜೋತುಬಿದ್ದುದನ್ನು ಕಂಡ ಅಜ್ಜಿಗೆ ಸಮುದ್ರದ ಮೇಲಿದ್ದ ಅಲ್ಪಸ್ವಲ್ಪ ಗೌರವವೂ ಹೋಗುತ್ತದೆ. ಮಕ್ಕಳು ದಂಡೆಯ ಗಾಡಿಯ ಭೇಲ್‌ಪುರಿ ತಿಂದು, "ನಮ್ಮ ಗಿರಮಿಟ್ಟ ಪಾಡ" ಎಂದು, ಎಂದರೆ ಊರಿನ ಮಂಡಕ್ಕಿ ತಿನಿಸಾದ ಗಿರಮಿಟ್ಟೇ ವಾಸಿಯೆಂದು, ತೀರ್ಮಾನಿಸಿ, ಆ ತೀರ್ಮಾನವನ್ನು ಗಟ್ಟಿಮಾಡಿಕೊಳ್ಳಲು ಇನ್ನೊಂದು ಪ್ಲೇಟು ತರಿಸುತ್ತಾರೆ. ಇದೇ ವೇಳೆಗೆ ಕಾಕಾ ಕಣ್ಮರೆಯಾಗಿರುತ್ತಾನೆ. ಊರಿನಲ್ಲಿ ಸೋಮವಾರ, ಶನಿವಾರ, ಅಮಾವಾಸ್ಯೆ ಎಲ್ಲವನ್ನೂ ಪಾಲಿಸುವ ಅವನು ಅರ್ಧ ತಾಸಿನ ಬಳಿಕ ಎಂದಿಲ್ಲದಷ್ಟು ಎಲೆಯಡಿಕೆ ಜಗಿಯುತ್ತ ಮರಳಿ, ತನಗೆ ಹಸಿವಿಲ್ಲವೆನ್ನುತ್ತಾನೆ. ಕಾರವಾರದ ಮೀನಿನ ಊಟದ ಖ್ಯಾತಿ ಎಷ್ಟು ದೂರ ಹಬ್ಬಿದೆಯೆಂಬುದನ್ನು ಎಲ್ಲರೂ ಬಲ್ಲರಾದರೂ ಯಾರೂ ಪ್ರಶ್ನಿಸುವುದಿಲ್ಲ.

ಗೋಕರ್ಣ, ಇಡಗುಂಜಿಗಳನ್ನು ಮುಗಿಸುವ ದಾರಿಯಲ್ಲಿ ಹೊನ್ನಾವರದ ಬಳಿಯ ಕಾಸರಕೋಡು ಸಿಗುತ್ತದೆ. ಪಡುಬಿದ್ರಿಯ ಜೊತೆಯಲ್ಲಿ 2020ರಲ್ಲಿ ನೀಲಿ ಬಾವುಟದ ಮನ್ನಣೆ, ಎಂದರೆ ನೀರಿನ ಶುದ್ಧಿ, ನೈರ್ಮಲ್ಯ, ಸುರಕ್ಷತೆ ಮುಂತಾದ 33 ನಿಬಂಧನೆಗಳನ್ನು ಪಾಲಿಸುವ ತೀರಗಳಿಗೆ ಡೆನ್ಮಾರ್ಕಿನ ಸಂಸ್ಥೆಯೊಂದು ಕೊಡುವ ಪ್ರಮಾಣ, ಪಡೆದ ದಂಡೆಯಿದು. ಬಾಯಿತುಂಬ ಎಲೆಯಡಿಕೆಯಿಟ್ಟುಕೊಂಡು ಇಲ್ಲಿಗೆ ಬಂದ ಅಜ್ಜನು ಮಾತಾಡಲೂ ಆಗದೆ ಉಗುಳಲೂ ಆಗದೆ ಅನುಭವಿಸುವ ಸಂಕಟವನ್ನು ಡೆನ್ಮಾರ್ಕಿನವರು ಊಹಿಸಿರಲಾರರು. ಸಮೀಪದಲ್ಲೇ ಶರಾವತಿಯ ಹಿನ್ನೀರಿನ ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಗಳ ನಡಿಗೆದಾರಿಯೊಂದಿದೆ. ಕಾಂಡ್ಲಾ ಎಂಬುದು ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಗಿಡಮರಗಳ ಜಾತಿ. ಆ ಕೆಸರಿನೊಳಗೆ ಗಾಳಿ ಆಡದಿರುವುದರಿಂದ ಅವುಗಳಲ್ಲಿ ಕೆಲವು ತಮ್ಮ ಬೇರುಗಳನ್ನು ಉಸಿರಾಟಕ್ಕಾಗಿ ಮೇಲಕ್ಕೆ ಚಾಚಿದರೆ, ಕೆಲವು ಊರುಗೋಲುಗಳ ಮೇಲೆ ನಿಂತಂತೆ ಬೇರೂರಿ ನಿಲ್ಲುತ್ತವೆ, ಮತ್ತು ಕೆಲವುಗಳ ಬೀಜವು ತಾಯಿಗಿಡದಲ್ಲಿರುವಾಗಲೇ ಮೊಳೆತು ಉದ್ದನೆಯ ಕಾಯಂತೆ ಜೋತಾಡುತ್ತಿರುತ್ತದೆ.

ಪ್ರವಾಸದ ಸಾಮಾಜಿಕ ವ್ಯವಸ್ಥೆ ತಲೆಕೆಳಗಾಗುವುದು ಇಲ್ಲಿಯೇ. ಹಲಗೆಯ ದಾರಿಯಲ್ಲಿ ಚಪ್ಪಲಿ ಮೆಟ್ಟಿಕೊಂಡೇ ನಡೆಯಬಹುದಾದ್ದರಿಂದ ಕಾಯುವವರ ಅಗತ್ಯವಿಲ್ಲ, ಆದ್ದರಿಂದ ದೊಡ್ಡವ್ವ ಹುದ್ದೆಯಿಂದ ಬಿಡುಗಡೆ ಪಡೆದು ಎಲ್ಲರಿಗಿಂತ ಮುಂದೆ ಹೊರಡುತ್ತಾಳೆ. ಇಬ್ಬರು ಅಕ್ಕಪಕ್ಕದಲ್ಲಿ ನಡೆದರೆ ಮೂರನೆಯವರು ಹಿಂದೆ ನಿಲ್ಲಬೇಕಾದ ಆ ದಾರಿಯಲ್ಲಿ ಅವಳು ಪ್ರತಿ ಬೇರಿನ ಮುಂದೆಯೂ ನಿಂತು ಬಗ್ಗಿ, ಏಡಿಯೊಂದು ಬಿಲದಿಂದ ಹೊರಬಂದು ಒಳಹೋಗುವುದನ್ನು ನೋಡಿ, ಅದು ಮತ್ತೆ ಹೊರಬರುವವರೆಗೆ ಕಾಯ್ದು, ಹಿಂದಿನವರು ಅವಸರಪಡಿಸಿದರೆ, "ನಿನ್ನಿ ನಾ ಕುಂತಿದ್ದೆಲ್ಲ, ಇವತ್ತ ನೀವು ನಿಂದರ್ರಿ" ಎನ್ನುತ್ತಾಳೆ. ಅವಳ ಕೈಯಲ್ಲಿದ್ದ ಕೂಸು ಈಗ ಯಜಮಾನನ ಹೆಗಲ ಮೇಲಿರುತ್ತದೆ, ಅಳುವೂ ಸೇರಿ.

ಮರಳುವ ದಾರಿಯ ಒಂದೇ ಶಾಸ್ತ್ರಾರ್ಥವೆಂದರೆ ಕ್ರೂಸರಿನ ಒಳಗೆ ತುಂಬಿದ ಉಸುಕಿನದು. ಬಂಡಿ ತೊಳೆಸುವುದಕ್ಕೆ ಬೇರೆ ರೊಕ್ಕ ಕೊಡಬೇಕೆಂದು ಚಾಲಕ ಅರಬೈಲ್ ಘಟ್ಟದ ಬುಡದಲ್ಲಿ ಮಾತು ತೆಗೆಯುತ್ತಾನೆ. "ತಮ್ಮಾ, ಹುಬ್ಬಳ್ಳ್ಯಾಗ ಉಸುಕಿನ ರೇಟ ಕೇಳಿ ನೋಡು, ಹಂಗ ನೋಡಿದ್ರ ನೀನ ನಮಗ ಕೊಡಬೇಕಾಕ್ಕೈತಿ" ಎಂದು ಕಾಕಾ ಉತ್ತರಿಸುತ್ತಾನೆ. ಈ ವಾದವು ಯಲ್ಲಾಪುರದ ಚಹಾದಂಗಡಿಯವರೆಗೆ ನಡೆದು, ಅಲ್ಲಿ ಚಹಾದ ಬಿಲ್ಲನ್ನು ತಾನೇ ಕೊಡುತ್ತೇನೆಂದು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡ ಬೀಗರು ಹಟ ಹಿಡಿದು, ಅವರ ಕೈಯನ್ನು ಕಾಕಾ, ಕಾಕಾನ ಕೈಯನ್ನು ಯಜಮಾನ ಹಿಡಿದು ನಿಂತಾಗ, ಚಾಲಕನೇ ರೊಕ್ಕ ಕೊಟ್ಟು ಬಂಡಿ ಹತ್ತುತ್ತಾನೆ.