ಸೋಂಪುರ ಪರಿಮಾಣ ಮೀಮಾಂಸೆ: ಅಥವಾ ‘ಯಾತರ್ದು?’ ಎಂಬ ಏಕಪದ ಸೂತ್ರದ ವ್ಯಾಖ್ಯಾನ

ಪ್ರಕೃತ ಸಂಶೋಧನೆಯ ಕ್ಷೇತ್ರ ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿ. ಒಂದು ಕಡೆ ಶಿವಗಂಗೆ ಬೆಟ್ಟ, ಇನ್ನೊಂದು ಕಡೆ ಡಾಬಸ್‌ಪೇಟೆಯ ಹೆದ್ದಾರಿ, ನಡುವೆ ಕೈಗಾರಿಕಾ ಪ್ರದೇಶದ ಶೆಡ್ಡುಗಳು. ರಸಾಯನಕ್ಕೂ ಅಳತೆಗೂ ಒಟ್ಟಿಗೆ ಒದಗುವ ಇಂಥ ನೆಲ ಭೂಮಂಡಲದಲ್ಲಿ ಇನ್ನೊಂದಿಲ್ಲವೆಂಬುದು ಈ ಲೇಖಕನ ಸಿದ್ಧಾಂತ. ಇನ್ನೊಂದನ್ನು ಹುಡುಕಲು ಬಸ್ ಚಾರ್ಜು ಸಾಲದ್ದರಿಂದ ಸಿದ್ಧಾಂತವು ಅಬಾಧಿತವಾಗಿ ನಿಂತಿದೆ.

ಮೊದಲು ಪೂರ್ವಪಕ್ಷ. ಅಳತೆಯಿಂದ ಅಳತೆಗೆ ಹೋಗುವುದು ಬರೀ ಗುಣಾಕಾರ ಎನ್ನುತ್ತಾರೆ ಪಠ್ಯಪುಸ್ತಕದವರು. 1 ತೊಲ ಅಂದರೆ 11.66 ಗ್ರಾಂ. 80 ತೊಲಕ್ಕೆ 1 ಸೇರು, ಅಂದರೆ 933 ಗ್ರಾಂ. 40 ಸೇರಿಗೆ 1 ಮಣ, 37.32 ಕಿಲೋ. 1956ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಬಂದು ಸೇರು ಮೂಲೆ ಸೇರಿತು. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದು 1 ಆಣೆಗೆ ಆರೂಕಾಲು ಪೈಸೆ ಎಂದಾಯಿತು. ಆ ಕಾಲು ಪೈಸೆಗಳನ್ನೆಲ್ಲ ಯಾರು ನುಂಗಿದರೆಂಬುದು ಬೇರೊಂದು ಮಹಾಪ್ರಬಂಧದ ವಿಷಯ, ಮಾರ್ಗದರ್ಶಕರು ಸಿಕ್ಕಿಲ್ಲ.

ಇದಕ್ಕೆ ಉತ್ತರಪಕ್ಷ ಒಂದೇ ಪದದ್ದು. ಈ ಹೋಬಳಿಯ ಯಾವ ಅಜ್ಜಿಯನ್ನಾದರೂ ‘ಒಂದು ಪಾವಿಗೆ ಎಷ್ಟು ಗ್ರಾಂ?’ ಎಂದು ಕೇಳಿ. ಅಜ್ಜಿ ಗುಣಿಸುವುದಿಲ್ಲ. ‘ಯಾತರ್ದು?’ ಅನ್ನುತ್ತಾಳೆ. ರಾಗಿಯದೋ, ಕಡಲೆಪುರಿಯದೋ? ಪಾವು ಅಳೆಯುವುದು ಜಾಗವನ್ನು, ತಕ್ಕಡಿ ಅಳೆಯುವುದು ಭಾರವನ್ನು. ನಡುವೆ ವಸ್ತು ಯಾವುದೆಂದು ಹೇಳದೆ ಒಂದರಿಂದ ಇನ್ನೊಂದಕ್ಕೆ ದಾಟಲಾಗದು. ಸಾಂದ್ರತೆ ಎಂದು ನಾವು ಎರಡು ಅಧ್ಯಾಯ ಓದಿದ್ದನ್ನು ಅಜ್ಜಿ ಮೂರಕ್ಷರದಲ್ಲಿ ಮುಗಿಸಿದ್ದಾಳೆ.

ಈ ಸೂತ್ರ ತಿಳಿಯದೆ ಕೆಟ್ಟವರು ದೊಡ್ಡ ದೊಡ್ಡವರೇ. 1983ರ ಜುಲೈ 23ರಂದು ಏರ್ ಕೆನಡಾದ ಒಂದು ವಿಮಾನಕ್ಕೆ 22,300 ಕಿಲೋ ಇಂಧನ ಬೇಕಿತ್ತು. ಲೀಟರನ್ನು ಭಾರಕ್ಕೆ ತಿರುಗಿಸುವಾಗ 0.8 ಹಿಡಿಯುವ ಬದಲು 1.77 ಹಿಡಿದರು. 1.77 ಯಾತರ್ದು? ಪೌಂಡಿನದು. ಕೇಳುವ ಅಜ್ಜಿ ಅಲ್ಲಿರಲಿಲ್ಲ. ಬೇಕಾದ್ದರ ಅರ್ಧಕ್ಕೂ ಕಡಿಮೆ ಎಣ್ಣೆಯಲ್ಲಿ ಹಾರಿದ ವಿಮಾನ 41,000 ಅಡಿ ಎತ್ತರದಲ್ಲಿ ಉಸಿರು ಕಳೆದುಕೊಂಡು, ಗಿಮ್ಲಿ ಎಂಬಲ್ಲಿನ ಹಳೇ ವಾಯುನೆಲೆಗೆ ಹದ್ದಿನಂತೆ ತೇಲಿ ಬಂದು ಇಳಿಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. 1999ರಲ್ಲಿ ಮಂಗಳ ಗ್ರಹದ ಹತ್ತಿರ ಅಮೆರಿಕದ ನೌಕೆಯೊಂದು ಇದೇ ಪೌಂಡಿನ ಗೊಂದಲದಲ್ಲಿ ಕಳೆದುಹೋಯಿತು. ಅದಕ್ಕೆ ಇಳಿಯಲು ಗಿಮ್ಲಿ ಇರಲಿಲ್ಲ.

ಈಗ ಪ್ರಯೋಗಾಲಯಕ್ಕೆ ಬರೋಣ. ಪಿಯುಸಿಯಲ್ಲಿ ಈ ಲೇಖಕ ಬಾಯಿಂದ ಪಿಪೆಟ್ ಎಳೆಯುತ್ತ ಗುರುತಿನ ಗೆರೆ ದಾಟಿ, ನಾಲಿಗೆಯವರೆಗೂ ದ್ರಾವಣವನ್ನು ತಂದುಕೊಂಡ. ಮೇಷ್ಟರು ಓಡಿಬಂದು ‘ಎಷ್ಟು ಎಂಎಲ್?’ ಎಂದರು. ‘ಒಂದ್ ಗುಟುಕು ಸಾರ್’ ಎಂದೆ. ಗುಟುಕಿಗೆ ಎಷ್ಟು ಎಂಎಲ್ ಎಂದು ಅವರು ಯೋಚಿಸುತ್ತಿರುವಾಗ, ಬಾಗಿಲಲ್ಲಿದ್ದ ಅಟೆಂಡರ್ ಕೇಳಿದ್ದು ‘ಯಾತರ್ದು?’ ಎಂದು. ತಿಳಿಯಾದ ಆಕ್ಸಾಲಿಕ್ ಆಮ್ಲವೆಂದು ಗೊತ್ತಾದ ಮೇಲೆ ಚೊಂಬಿನಲ್ಲಿ ನೀರು ಕೊಟ್ಟು, ‘ಮುಕ್ಕಳಿಸಿ ಉಗಿ, ನುಂಗ್ಬೇಡ’ ಎಂದ. ಆ ವಿಭಾಗದಲ್ಲಿ ಮೀಮಾಂಸಕ ಇದ್ದವನು ಅವನೊಬ್ಬನೇ.

ಆಮ್ಲವನ್ನು ನೀರಿಗೆ ಹಾಕು, ನೀರನ್ನು ಆಮ್ಲಕ್ಕೆ ಹಾಕಬೇಡ ಎಂಬ ವಿಧಿವಾಕ್ಯಕ್ಕೂ ಇದೇ ಸೂತ್ರ ಮೂಲ. ಒಂದು ಲೀಟರ್ ನೀರು 1 ಕಿಲೋ. ಒಂದು ಲೀಟರ್ ಗಟ್ಟಿ ಗಂಧಕಾಮ್ಲ 1.84 ಕಿಲೋ. ಆಮ್ಲದ ಮೇಲೆ ಸುರಿದ ನೀರು ಹಗುರವಾಗಿ ಮೇಲೆಯೇ ನಿಂತು, ಬೆರೆಯುವಲ್ಲಿ ಹುಟ್ಟುವ ಕಾವಿಗೆ ಅಲ್ಲೇ ಕುದಿದು, ಆಮ್ಲವನ್ನೂ ಕರೆದುಕೊಂಡು ಮುಖಕ್ಕೆ ಹಾರುತ್ತದೆ. ಹಿಂದುಮುಂದು ಮಾಡಿದರೆ ಭಾರದ ಆಮ್ಲ ತಳಕ್ಕಿಳಿಯುತ್ತದೆ, ಕಾವು ನೀರಿಗೆಲ್ಲ ಹಂಚಿಹೋಗುತ್ತದೆ. ಕಲಕುತ್ತ ಸಣ್ಣಗೆ ಸುರಿಯಬೇಕು ಅಷ್ಟೆ. ಒಗ್ಗರಣೆಗೆ ತೊಳೆದ ಕರಿಬೇವನ್ನು ಒದ್ದೆಯಾಗಿಯೇ ಹಾಕಿದ ಗಂಡಸರಿಗೆ ಈ ವ್ಯಾಖ್ಯಾನ ಬೇಕಿಲ್ಲ.

ಹೆದ್ದಾರಿಯ ಟ್ಯಾಂಕರುಗಳ ಹಿಂದಿನ ಫಲಕದ ನಾಲ್ಕಂಕಿಗಳು ಈ ಪ್ರಬಂಧದ ಮುಖ್ಯ ಶೋಧ. ಅವು ವಿಶ್ವಸಂಸ್ಥೆಯ ಸಂಖ್ಯೆಗಳೆಂದು ಬಲ್ಲವರು ಹೇಳುತ್ತಾರೆ. ಆದರೆ ಗಮನಿಸಿ: 1830 ಎಂದರೆ ಗಂಧಕಾಮ್ಲ, ನಗರ ಸೀಮೆಯ ರೈತರು ದಂಗೆ ಎದ್ದದ್ದೂ 1830ರಲ್ಲಿ. 1831 ಎಂದರೆ ಹೊಗೆಯಾಡುವ ಗಂಧಕಾಮ್ಲ; ಗವರ್ನರ್ ಜನರಲ್ ಬೆಂಟಿಂಕ್ ಅರಸರಿಂದ ಮೈಸೂರಿನ ಆಡಳಿತ ಕಿತ್ತುಕೊಂಡ ವರ್ಷವೂ ಅದೇ. 1832 ಎಂದರೆ ಬಳಸಿ ಸತ್ವ ಕಳೆದ ಗಂಧಕಾಮ್ಲ. ಮುಮ್ಮಡಿ ಕೃಷ್ಣರಾಜರ ಅಧಿಕಾರದ ಸ್ಥಿತಿ ಆ ವರ್ಷ ಏನಿತ್ತೆಂದು ನೆನೆಯಿರಿ. ಇದನ್ನು ಕಾಕತಾಳೀಯ ಎನ್ನುವವರು ಪಿಎಚ್‌ಡಿ ಮಾಡಿದವರಲ್ಲ.

ಬೆಟ್ಟಕ್ಕೆ ಹೋದರೆ ರಸಾಯನ ಇನ್ನೂ ಗಹನ. ಗಂಗಾಧರೇಶ್ವರನಿಗೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆಂಬುದು ಭಕ್ತರ ನಂಬಿಕೆ. ಬೆಣ್ಣೆ ತುಪ್ಪವಾಗುವುದನ್ನು ಎಲ್ಲರ ಒಲೆಯೂ ಬಲ್ಲದು. ಬೆಣ್ಣೆಯಲ್ಲಿ ನೂರಕ್ಕೆ 80 ಭಾಗ ಜಿಡ್ಡು, ಹೆಚ್ಚೆಂದರೆ 16 ಭಾಗ ನೀರು, ಆ ನೀರು ಆರಿದರೆ ತುಪ್ಪ. ಹಿಂದಕ್ಕೆ ಬರಬೇಕಾದರೆ ನೀರು ಬೇಕು. ಪಾತಾಳಗಂಗೆಯ ಊರಿನಲ್ಲಿ ಅದಕ್ಕೇನು ಬರ? ಅಲ್ಲಿಯ ಒಳಕಲ್ಲು ತೀರ್ಥವಂತೂ ಓದುವವನ ಪುಣ್ಯಕ್ಕೆ ತಕ್ಕಂತೆ ಅಂಕಿ ತೋರಿಸುವ ಏಕೈಕ ಬ್ಯೂರೆಟ್. ಕೈ ಹಾಕಿದರೆ ಕೆಲವರಿಗೆ ನೀರು ಸಿಗುತ್ತದೆ, ಕೆಲವರಿಗೆ ಇಲ್ಲ. ಈ ಲೇಖಕನ ರೀಡಿಂಗ್ ಪ್ರಕಟಣೆಗೆ ಯೋಗ್ಯವಲ್ಲ.

ಕೆಳಗಿಳಿದರೆ ಗುಂಟೆ. 33 ಅಡಿಗೆ 33 ಅಡಿ, ಒಟ್ಟು 1,089 ಚದರಡಿ. 40 ಗುಂಟೆಗೆ ಎಕರೆ. ಮೂವತ್ತು-ನಲವತ್ತರ ಸೈಟಿಗೆ 1,200 ಚದರಡಿ ಬೇಕು, ಅಂದರೆ ಗುಂಟೆಗೆ 111 ಚದರಡಿ ಕೊರತೆ. ಈ ಹೋಬಳಿಯ ದಾಯಾದಿಗಳು ಕಡತ ಹಿಡಿದು ಓಡಾಡುವುದು ಆ 111 ಚದರಡಿಯೊಳಗೇ ಎಂದು ನನ್ನ ಊಹೆ. ಗುಂಟೆಯನ್ನು ಚದರಡಿ ಮಾಡಿದವರನ್ನು ಕಂಡಿದ್ದೇನೆ. ಚದರಡಿಯನ್ನು ಮತ್ತೆ ರಾಗಿ ಬೆಳೆಯುವ ಗುಂಟೆ ಮಾಡಿದವರನ್ನು ಕಂಡಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ನಮ್ಮಲ್ಲಿ ಹಿಂತಿರುಗದ ಪರಿವರ್ತನೆಯ ಪ್ರಾಚೀನ ಉಲ್ಲೇಖ.

ಕೊನೆಯದಾಗಿ ಕ್ಷೇತ್ರಕಾರ್ಯ. ಕೈಗಾರಿಕಾ ಪ್ರದೇಶದ ಗೇಟು ಎಷ್ಟು ದೂರವೆಂದು ರಸ್ತೆಬದಿಯ ಹಿರಿಯರೊಬ್ಬರನ್ನು ಕೇಳಿದೆ. ‘ಇಲ್ಲೇ, ಒಂದ್ ಬೀಡಿ ದೂರ’ ಎಂದರು. ‘ಯಾತರ್ದು?’ ಎಂದು ಕೇಳಿ ಪಾಂಡಿತ್ಯ ಮೆರೆದೆ. ಯಾವ ಮಾರ್ಕಿನ ಬೀಡಿಯೆಂದು ಕೇಳಿದೆನೆಂದುಕೊಂಡು ಅವರು ಕಟ್ಟನ್ನೇ ಮುಂದೆ ಹಿಡಿದರು. ಮೀಟರಿಗೆ ತಿರುಗಿಸಲು ಒಂದನ್ನು ಹಚ್ಚಿ ಗೇಟಿನವರೆಗೂ ನಡೆಯುವುದೊಂದೇ ದಾರಿ. ಕಡ್ಡಿಪೆಟ್ಟಿಗೆ ತೆಗೆದೆ. ಪಕ್ಕದಲ್ಲಿ ಒಂದು ಟ್ಯಾಂಕರ್ ನಿಂತಿತ್ತು, ಹಿಂದಿನ ಫಲಕದಲ್ಲಿ 1203. ಅದು ಪೆಟ್ರೋಲಿನದು. ಕಟ್ಟನ್ನು ಹಿರಿಯರಿಗೆ ಹಿಂತಿರುಗಿಸಿ, ದೂರವನ್ನು ಬೀಡಿಯಲ್ಲೇ ಬರೆದುಕೊಂಡು ಬಸ್ಸು ಹತ್ತಿದೆ.