ಕತ್ತು ಉದ್ದ ಮಾಡಿಕೊಳ್ಳದ ಜಿರಾಫೆ: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ಬಿ.ಎಸ್ಸಿ. ತರಗತಿಯ ಜೀವವಿಕಾಸ ಮತ್ತು ಪರಿಸರ ವಿಜ್ಞಾನದ ಪತ್ರಿಕೆ ಇಂದಿನಿಂದ ನಿಮ್ಮ ಸ್ವತ್ತು. ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದತಕ್ಕದ್ದು. ಮನೆಗೆ ಬಂದ ಮಿಕ್ಸಿಯದನ್ನೂ ನೀವು ಓದಿರಲಿಲ್ಲ ಎಂಬುದು ತಯಾರಕರಿಗೆ ತಿಳಿದಿದೆ.

ಪೆಟ್ಟಿಗೆಯಲ್ಲಿ ಇರಬೇಕಾದ ಸಾಮಾನು: ರೆಕಾರ್ಡ್ ಪುಸ್ತಕ ಒಂದು, ಪೆನ್ಸಿಲ್ ಎರಡು, ರಾಜ್ಮಾ ಮತ್ತು ಅವರೆಕಾಳು ಒಂದೊಂದು ಹಿಡಿ, ನಾಲ್ಕು ಮೀಟರ್ ನೈಲಾನ್ ಹಗ್ಗ, ಸೀನಿಯರ್ ಬಿಟ್ಟುಹೋದ ನೋಟ್ಸಿನ ಜೆರಾಕ್ಸ್. ಜೆರಾಕ್ಸಿನಲ್ಲಿ 14ನೇ ಪುಟ ಇರುವುದಿಲ್ಲ. ಹುಡುಕಬೇಡಿ, ಯಾರ ಹತ್ತಿರವೂ ಇಲ್ಲ.

ಮೊದಲು ಭಾಷೆಯ ರಿಪೇರಿ. ಇದನ್ನು ಬಿಟ್ಟು ಮುಂದೆ ಹೋದವರ ಯಂತ್ರ ಪರೀಕ್ಷೆಯ ಹಿಂದಿನ ರಾತ್ರಿ ಕೈಕೊಡುತ್ತದೆ. ಎಷ್ಟೋ ವರ್ಷ ಈ ಪತ್ರಿಕೆ ಪಾಠ ಮಾಡಿದ ಮೇಲೆ ನನಗೆ ಹೊಳೆದದ್ದಿಷ್ಟು: ಕನ್ನಡ ವ್ಯಾಕರಣ ಹುಟ್ಟಾ ಲಾಮಾರ್ಕನ ಶಿಷ್ಯ. 'ಜಿರಾಫೆ ಕತ್ತನ್ನು ಉದ್ದ ಮಾಡಿಕೊಂಡಿತು', 'ಮೀನು ಕಾಲು ಬೆಳೆಸಿಕೊಂಡಿತು', 'ಹಾವು ಕಾಲು ಕಳೆದುಕೊಂಡಿತು'. ಆ 'ಕೊಂಡಿತು' ನೋಡಿ. ದರ್ಜಿಯ ಹತ್ತಿರ ಹೋಗಿ ಪ್ಯಾಂಟಿನ ಅಂಚು ಬಿಚ್ಚಿಸಿಕೊಂಡು ಬಂದಷ್ಟು ಸಲೀಸು. 1809ರಲ್ಲಿ ಲಾಮಾರ್ಕ್ ಇಡೀ ಪುಸ್ತಕ ಬರೆದು ಹೇಳಿದ್ದನ್ನು ನಮ್ಮ ಒಂದು ಸಹಾಯಕ ಕ್ರಿಯಾಪದ ಉಸಿರಾಡುವಷ್ಟರಲ್ಲಿ ಹೇಳಿಬಿಡುತ್ತದೆ. 'ವಿಕಾಸ' ಎಂಬ ಪದವೂ ಸಾಚಾ ಅಲ್ಲ. ಅರಳುವುದು ಎಂಬ ಅರ್ಥವನ್ನು ಸೊಂಟದಲ್ಲಿ ಸಿಕ್ಕಿಸಿಯೇ ಬರುತ್ತದೆ. ಅದಕ್ಕೆ 'ವಾದ' ಸೇರಿಸಿದಿರೋ, ದ್ವೈತ, ಅದ್ವೈತಗಳ ಪಂಕ್ತಿಯಲ್ಲಿ ಕೂತು ನಾಳೆ ಯಾರದೋ ಖಂಡನೆಗೆ ಎಲೆ ಹಾಕಿಸುತ್ತದೆ. ಇಂಗ್ಲಿಷ್ ಮಾಧ್ಯಮದವರು ತಪ್ಪಿಸಿಕೊಂಡೆವು ಎಂದುಕೊಳ್ಳಬೇಡಿ (ಒಂದೇ ವಾಕ್ಯಕ್ಕೆ ಎರಡು 'ಕೊಳ್ಳು', ಚಟ ಬಿಡದು). ಉತ್ತರ ಇಂಗ್ಲಿಷಿನಲ್ಲಿದ್ದರೂ ಯೋಚನೆ ಅಡುಗೆಮನೆಯ ಮಾತಿನಲ್ಲೇ ನಡೆದಿರುತ್ತದೆ.

ಒಮ್ಮೆ ನಾನೇ ಬೋರ್ಡಿನ ಮೇಲೆ 'ಬ್ಯಾಕ್ಟೀರಿಯಾಗಳು ಆ್ಯಂಟಿಬಯಾಟಿಕ್‌ಗೆ ಒಗ್ಗಿಕೊಳ್ಳುತ್ತವೆ' ಎಂದು ದುಂಡಗೆ ಬರೆದೆ. ಹಿಂದಿನ ಬೆಂಚಿನಿಂದ ಒಬ್ಬಳು, "ಸಾರ್, ಒಗ್ಗಿಕೋಬೇಕು ಅಂತ ಅವಕ್ಕೆ ಯಾರು ಹೇಳಿದ್ರು?" ಅಂದಳು. ಬೆಲ್ ಹೊಡೆಯಿತು. ಅಟೆಂಡರ್‌ಗೆ ನಾನು ಇನ್ನೂ ಋಣಿ.

ರಿಪೇರಿ ಮಾಡುವುದು ಹೀಗೆ: 'ಕೊಳ್ಳು' ಕಂಡಲ್ಲೆಲ್ಲ ಕಿತ್ತು, ಆ ಜಾಗದಲ್ಲಿ ಲೆಕ್ಕ ಇಡಿ. ಎಷ್ಟು ಸತ್ತವು, ಎಷ್ಟು ಉಳಿದವು, ಉಳಿದವಕ್ಕೆ ಎಷ್ಟು ಮರಿ.

ಅಭ್ಯಾಸಕ್ಕೆ ಗ್ಯಾಲಪಗಸ್‌ನ ಡಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪ ಸಾಕು. ಅಲ್ಲಿ ಪೀಟರ್ ಮತ್ತು ರೋಸ್ಮರಿ ಗ್ರ್ಯಾಂಟ್ ದಂಪತಿ 1973ರಿಂದ ಫಿಂಚ್ ಹಕ್ಕಿಗಳನ್ನು ಹಿಡಿದು, ಕಾಲಿಗೆ ಬಳೆ ತೊಡಿಸಿ, ಕೊಕ್ಕು ಅಳೆಯುತ್ತ ಬಂದರು. 1977ರಲ್ಲಿ ಮಳೆ ಕೈಕೊಟ್ಟಿತು. ಮೆತ್ತನೆಯ ಸಣ್ಣ ಬೀಜಗಳೆಲ್ಲ ಮುಗಿದು, ಉಳಿದದ್ದರಲ್ಲಿ ಮುಖ್ಯವಾದದ್ದು ನಮ್ಮ ನೆಗ್ಗಿಲಿನ ದಾಯಾದಿ ಗಿಡದ ಮುಳ್ಳುಕಾಯಿ. ಬರಿಗಾಲಲ್ಲಿ ಹೊಲ ತುಳಿದವರಿಗೆ ಅದೆಷ್ಟು ಗಟ್ಟಿ ಎಂದು ಬೇರೆ ಹೇಳಬೇಕಿಲ್ಲ. ದಪ್ಪ ಕೊಕ್ಕಿನವು ಅದನ್ನು ಒಡೆದು ತಿಂದವು. ಒಟ್ಟಾರೆ ಹೆಚ್ಚಿನ ಹಕ್ಕಿಗಳು ಸತ್ತವು. ಬದುಕಿದವುಗಳ ಕೊಕ್ಕಿನ ದಪ್ಪ, ಸರಾಸರಿಯಲ್ಲಿ, ಮೊದಲಿಗಿಂತ ಸುಮಾರು ಅರ್ಧ ಮಿಲಿಮೀಟರ್ ಹೆಚ್ಚು. ಗಮನಿಸಿ, ಒಂದೇ ಒಂದು ಹಕ್ಕಿಯೂ ಕೊಕ್ಕು ದಪ್ಪ ಮಾಡಿಕೊಳ್ಳಲಿಲ್ಲ. ದಪ್ಪ ಕೊಕ್ಕಿನ ಅಪ್ಪ ಅಮ್ಮಂದಿರಿಗೆ ದಪ್ಪ ಕೊಕ್ಕಿನ ಮರಿಗಳಾದವು, ಅಷ್ಟೆ. 1983ರಲ್ಲಿ ಎಲ್ ನಿನೋ ಮಳೆ ಧೋ ಎಂದು ಸುರಿದು ಸಣ್ಣ ಬೀಜ ರಾಶಿ ಬಿದ್ದ ಮೇಲೆ ಸಣ್ಣ ಕೊಕ್ಕಿನವುಗಳ ಕಾಲ ಬಂತು. ಅರಳುವುದು ಎಂಬ ಅರ್ಥ ಇಟ್ಟುಕೊಂಡ ಪದ ಇಲ್ಲಿ ಮುಖ ಎಲ್ಲಿಡಬೇಕು?

ಈಗ ಕಾಳು. ಹಾರ್ಡಿ-ವೈನ್‌ಬರ್ಗ್ ಸೂತ್ರದ ಪ್ರಯೋಗ; ಸೂತ್ರ 1908ರದು. ರಾಮಾನುಜನ್ ಅವರನ್ನು ಕೇಂಬ್ರಿಡ್ಜಿಗೆ ಕರೆಸಿದ ಹಾರ್ಡಿಯೇ ಈ ಹಾರ್ಡಿ. 60 ರಾಜ್ಮಾ, 40 ಅವರೆ ಚೀಲಕ್ಕೆ ಹಾಕಿ, ಕಣ್ಣು ಮುಚ್ಚಿ ಜೋಡಿ ಜೋಡಿಯಾಗಿ ತೆಗೆಯಿರಿ. ಸೂತ್ರದ ಪ್ರಕಾರ ರಾಜ್ಮಾ ಜೋಡಿ 18, ಮಿಶ್ರ 24, ಅವರೆ ಜೋಡಿ 8 ಬರಬೇಕು. ನಿಮಗೆ 20, 20, 10 ಬರುತ್ತದೆ. ಹಾಗೇ ಬರೆಯಿರಿ. ಇಡೀ ಬ್ಯಾಚಿನ ರೆಕಾರ್ಡಿನಲ್ಲಿ 18, 24, 8 ಕಂಡರೆ ಅದು ನಿಸರ್ಗದ ಸಮತೋಲನವಲ್ಲ, ಜೆರಾಕ್ಸಿನ ಮಹಿಮೆ.

ಜೆರಾಕ್ಸ್ ಅಂದೆ. ಎಚ್ಚರಿಕೆ: ರೆಕಾರ್ಡ್ ನಕಲು ಮಾಡುವವರ ವಂಶವೃಕ್ಷ ನಮ್ಮ ಕೈಯಲ್ಲಿರುತ್ತದೆ. ಸರಿ ಉತ್ತರದಿಂದ ಏನೂ ಗೊತ್ತಾಗದು. ಅದು ಎಲ್ಲರದೂ ಒಂದೇ. ಮೂಲ ಪ್ರತಿಯಲ್ಲೇ ಇದ್ದ ತಪ್ಪಿನಿಂದಲೂ ಗೊತ್ತಾಗದು. ನಡುವೆ ಒಬ್ಬ ಡಾರ್ವಿನ್ನನ ಹಡಗು 'ಬೀಗಲ್' ಅನ್ನು 'ಈಗಲ್' ಮಾಡುತ್ತಾನೆ. ಮುಂದೆ ಏಳು ರೆಕಾರ್ಡುಗಳಲ್ಲಿ ಈಗಲ್ ಹಾರುತ್ತದೆ. ಅದರಲ್ಲಿ ಮೂರರಲ್ಲಿ ಮಾತ್ರ ಹದ್ದಿನ ಚಿತ್ರವೂ ಇದ್ದರೆ, ಆ ಮೂವರು ಹಾಸ್ಟೆಲಿನ ಒಂದೇ ರೂಮಿನವರು. ಜೀವಿಗಳ ಸಂಬಂಧ ಹುಡುಕುವುದೂ ಹೀಗೆಯೇ. ವಿಟಮಿನ್ ಸಿ ತಯಾರಿಸುವ ಒಂದು ಜೀನ್ ನಮ್ಮಲ್ಲಿ ಕೆಟ್ಟಿದೆ, ಚಿಂಪಾಂಜಿಯಲ್ಲೂ ಕೆಟ್ಟಿದೆ. ಇಬ್ಬರಿಗೂ ನೆಲ್ಲಿಕಾಯಿಯೋ ಮತ್ತೊಂದೋ ಹಣ್ಣು ಬೇಕು. ಈ ತಪ್ಪು ಒಂದೇ ಹಳೆಯ ಪ್ರತಿಯಿಂದ ಬಂದದ್ದು.

ಕೊನೆಯ ಭಾಗ ಹಗ್ಗ. ಒಂದು ಮೀಟರ್ ಚೌಕ ಮಾಡಿ ಕಾಲೇಜಿನ ಮೈದಾನದಲ್ಲಿ ಹಾಸಿ, ಒಳಗಿನ ಗಿಡ ಎಣಿಸುವುದು. ಎಲ್ಲಿ ಬೇಕಾದರೂ ಎಸೆಯಿರಿ ಅಂದರೆ ಎಲ್ಲ ಗುಂಪುಗಳ ಚೌಕವೂ ಕ್ಯಾಂಟೀನ್ ಪಕ್ಕದ ಬೇವಿನ ನೆರಳಲ್ಲೇ ಬೀಳುತ್ತದೆ. ಕಾಲೇಜಿನ ಸಸ್ಯಸಂಪತ್ತು: ಗರಿಕೆ ಮತ್ತು ಚಿಪ್ಸ್ ಪ್ಯಾಕೆಟ್. ಆದ್ದರಿಂದ ಬಸ್ ಟಿಕೆಟ್ಟಿನ ಕೊನೆಯ ಎರಡಂಕಿ ಬಳಸಿ: ಗೇಟಿನಿಂದ ಕಾಂಪೌಂಡ್ ಗುಂಟ ಅಷ್ಟು ಹೆಜ್ಜೆ, ಇನ್ನೊಬ್ಬರ ಟಿಕೆಟ್ ತೆಗೆದು, ಒಳಕ್ಕೆ ಅಷ್ಟು. ಆಗ ಕಾಂಗ್ರೆಸ್ ಗಿಡದ ನಡುವೆ ನಿಲ್ಲುತ್ತೀರಿ. ಅಲರ್ಜಿ ಇದ್ದವರು ಪುಸ್ತಕದಲ್ಲಿ ಬರೆಯುವ ಕೆಲಸ ವಹಿಸತಕ್ಕದ್ದು.

ಮಳೆ ಬಿದ್ದ ಮೇಲೆ ಹೋದರೆ ಎಲೆ ತಿರುವಿ ನೋಡಿ. ಕೆನೆ ಬಣ್ಣದ ಬೆನ್ನಿನ ಮೇಲೆ ಕಂದು ಗೀರು ಎಳೆದ ಪುಟ್ಟ ಜೀರುಂಡೆ ಸಿಕ್ಕರೆ ಅದು ಮೆಕ್ಸಿಕೋದ್ದು. ಕಾಂಗ್ರೆಸ್ ಗಿಡ ತಿನ್ನಲೆಂದೇ ತರಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದು. ಬೇಸಿಗೆಗೆ ಮಣ್ಣಿನೊಳಗೆ ಮಲಗಿ ಮಳೆಗೆ ಏಳುತ್ತದೆ. ಎಲೆ ಜರಡಿಯಾಗುತ್ತದೆ, ಗಿಡ ಮಾತ್ರ ಮುಗಿಯುವುದಿಲ್ಲ. ಜೀರುಂಡೆ 'ನಮಗಾಗಿ ಕಳೆ ತೆಗೆದುಕೊಡುತ್ತದೆ' ಎಂದು ರೆಕಾರ್ಡಿನಲ್ಲಿ ಬರೆದವರಿಗೆ ಅರ್ಧ ಅಂಕ ಕಡಿತ. 'ಕೊಡು' ಕೂಡ 'ಕೊಳ್ಳು'ವಿನ ಖಾಸಾ ತಮ್ಮ.

ಕೆಲಸ ಮುಗಿದ ಮೇಲೆ ಹಗ್ಗವನ್ನು ಸ್ಟೋರ್‌ಗೆ ಹಿಂದಿರುಗಿಸಿ ಸಹಿ ಹಾಕಿಸಿ. ಹಾಸ್ಟೆಲ್ ಹುಡುಗರಿಗೆ ಬಟ್ಟೆ ಒಣಹಾಕಬೇಕು.