ಧೂಮನಾಲಿಕಾ ಮೀಮಾಂಸೆ

ಶಾಸ್ತ್ರಗ್ರಂಥದ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸತಕ್ಕದ್ದೆಂಬುದು ಪೂರ್ವಾಚಾರ್ಯರ ಕಟ್ಟಳೆಯಾದುದರಿಂದ ಮೊದಲು ಅದನ್ನು ಮುಗಿಸುತ್ತೇನೆ. ಸೊರಬದ ಸೀಮೆಯಲ್ಲಿ ಶುಂಠಿ, ಅನಾನಸು, ಅಡಿಕೆಗಳನ್ನು ಹೊತ್ತು ಹೊತ್ತು ಜೀರ್ಣವಾದ ನಾಲ್ಕು ಸಿಲಿಂಡರಿನ ಡೀಸೆಲ್ ಪಿಕಪ್ಪಿನಿಂದ ಹೊಗೆಯನ್ನು ಹೊರಗೊಯ್ಯಲು ಕಾರ್ಖಾನೆಯವರು ಕೊಟ್ಟ ಎರಕದ ಮ್ಯಾನಿಫೋಲ್ಡನ್ನು ಕಳಚಿ, ಆ ಸ್ಥಾನದಲ್ಲಿ ಯಾವ ಹೆಡರನ್ನು, ಎಂದರೆ ತಗಡಿನ ನಳಿಕೆಗಳ ಗೊಂಚಲನ್ನು, ಕೂರಿಸಬೇಕೆಂಬುದು ವಿಷಯ. ಗಾಡಿಗೆ ಬಲ ಬರುವುದೆಂಬ ನಂಬಿಕೆಯೇ ಪ್ರಯೋಜನ. ಇವೆರಡಕ್ಕೂ ಇರುವುದು ಬೋಲ್ಟಿನ ಸಂಬಂಧ. ಗಾಡಿಯ ಸಾಲವನ್ನು ಇನ್ನೂ ತೀರಿಸುತ್ತಿರುವ ತಂದೆಯ ಮಗನೇ ಅಧಿಕಾರಿ.

ಹೆಡರಿನ ಪ್ರಾಚೀನತೆಯನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ಅಥವಾ ಇರಬೇಕು. ಭಿನ್ನಾಭಿಪ್ರಾಯವಿಲ್ಲದ ವಿಷಯಕ್ಕೆ ವಿಚಾರಸಂಕಿರಣವನ್ನು ಏರ್ಪಡಿಸಲು ಬರುವುದಿಲ್ಲವಷ್ಟೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇಗುಲದ ಮುಂದಣ ಕಂಬದ ಮೇಲೆ, ಮಯೂರಶರ್ಮನಿಗೂ ಪಲ್ಲವರ ಅಶ್ವಾರೋಹಿಗೂ ಕಂಚಿಯಲ್ಲಿ ಒದಗಿದ ಕಲಹವನ್ನು ಕುಬ್ಜಕವಿಯು ಹೇಳಿರುವನಾದರೂ, ಆ ಕುದುರೆಯ ಹಿಂಭಾಗದಿಂದ ಹೊರಟ ವಾಯುವಿನ ಗತಿಯನ್ನು ಕುರಿತು ಆತನು ಏನನ್ನೂ ಬರೆದಿಲ್ಲ. ಬರೆಯದೆ ಬಿಟ್ಟುದೇ ಅದು ಸರ್ವವಿದಿತವಾಗಿತ್ತೆಂಬುದಕ್ಕೆ ಪ್ರಮಾಣ. ಓದುಗರು ನಗಬಾರದು, ವಿಷಯ ಬೇರೆಯಾಗಿದ್ದರೂ ಇದೇ ತರ್ಕದ ಮೇಲೆ ನಿಂತ ಪ್ರಬಂಧಗಳನ್ನು ಕೇಳಿ, ಕೊನೆಯಲ್ಲಿ ಚಪ್ಪಾಳೆಯನ್ನೂ ತಟ್ಟಿ ಬಂದವನು ನಾನು.

ಹೆಡರುಗಳು ಸ್ವರೂಪಭೇದದಿಂದ ಏಳು ವಿಧ. ಮೊದಲನೆಯದು ಚತುರೇಕ: ನಾಲ್ಕು ಸಿಲಿಂಡರುಗಳಿಂದ ಹೊರಟ ನಾಲ್ಕು ನಳಿಕೆಗಳು ಒಮ್ಮೆಗೇ ಒಂದರಲ್ಲಿ ಲೀನವಾಗುವ ಅದ್ವೈತಪರ ಮಾದರಿ, ಎಂಜಿನ್ನು ಅತಿವೇಗದಲ್ಲಿ ತಿರುಗುವಾಗ ಇದು ಫಲಕಾರಿ. ಎರಡನೆಯದು ಚತುರ್ದ್ವ್ಯೇಕ: 1-3-4-2 ಎಂಬ ಕ್ರಮದಲ್ಲಿ ಉರಿಯುವ ಎಂಜಿನ್ನಿನಲ್ಲಿ ಒಂದನೆಯದನ್ನು ನಾಲ್ಕನೆಯದಕ್ಕೂ ಎರಡನೆಯದನ್ನು ಮೂರನೆಯದಕ್ಕೂ ಜೊತೆಮಾಡಿ, ಆಮೇಲೆ ಆ ಜೋಡಿಗಳನ್ನು ಕೂಡಿಸುವ ವಿಶಿಷ್ಟಾದ್ವೈತ, ಮಧ್ಯಮವೇಗಕ್ಕೆ ಇದು ಹಿತ. ಮೂರನೆಯದು ದ್ವೈತ: ಬೆಸುಗೆ ಬಿಟ್ಟು ಹೊಗೆಯೊಂದು ದಾರಿ, ಸದ್ದೊಂದು ದಾರಿ ಹಿಡಿಯತಕ್ಕದ್ದು. ನಾಲ್ಕನೆಯದು... ಇರಲಿ. ಏಳೆಂಬ ಸಂಖ್ಯೆಗೆ ಒಂದು ಗಾಂಭೀರ್ಯವಿದೆಯೆಂದು ಹಾಗೆ ಹೇಳಿದೆನೇ ಹೊರತು, ಏಳು ವಿಧಗಳನ್ನು ನಾನು ಕಂಡವನಲ್ಲ.

ಇಷ್ಟೆಲ್ಲ ಪರಿಭಾಷೆಯ ಅಡಿಯಲ್ಲಿರುವ ತತ್ತ್ವ ಸರಳವಾದುದು. ಒಂದು ಸಿಲಿಂಡರಿನಿಂದ ನುಗ್ಗಿದ ಹೊಗೆಯ ಹಿಂದೆ ನಳಿಕೆಯಲ್ಲಿ ಒತ್ತಡ ಕುಸಿಯುತ್ತದೆ. ನಳಿಕೆಗಳ ಉದ್ದವು ಸಮವಾಗಿದ್ದು ಕಾಲವು ಕೂಡಿಬಂದರೆ, ಆ ಸೆಳೆತವು ಮತ್ತೊಂದು ಸಿಲಿಂಡರಿನ ಹೊಗೆಯನ್ನು ಎಳೆದು ಹೊರಹಾಕುತ್ತದೆ. 1955ರಲ್ಲಿ ಬಂದ ಶೆವರ್ಲೆಯ ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿಗೆ ಅಮೆರಿಕದವರು ಹೆಡರು ಕಟ್ಟಿ ಸುಖಪಟ್ಟುದು ಈ ಕಾರಣದಿಂದ. ನಮ್ಮದು ಡೀಸೆಲ್ಲು. ಇದರ ಬಲಕ್ಕೆ ಮಿತಿ ಹಾಕುವುದು ಪಂಪು ಕೊಡುವ ಎಣ್ಣೆ ಮತ್ತು ಅದನ್ನು ಹೊಗೆಯಿಲ್ಲದೆ ಉರಿಸಲು ಬೇಕಾದ ಗಾಳಿ. ಟರ್ಬೊ ಇದ್ದ ಗಾಡಿಯಲ್ಲಿ ಆ ಗಾಳಿಯನ್ನು ತುಂಬುವ ಚಕ್ರವು ತಿರುಗುವುದೇ ಮ್ಯಾನಿಫೋಲ್ಡಿನಿಂದ ಬರುವ ಬಿಸಿ ಹೊಗೆಯಿಂದ. ಅದನ್ನು ಕಳಚಿದರೆ ಟರ್ಬೊ ಕೂರುವ ಪೀಠವೇ ಹೋಗುತ್ತದೆ. ಟರ್ಬೊ ಇಲ್ಲದ ಗಾಡಿಯಲ್ಲಿ ದೊರೆಯುವ ಲಾಭವು ಶುಂಠಿಮೂಟೆ ಹೇರಿಕೊಂಡು ಏರು ಹತ್ತುವವನಿಗೆ ತಿಳಿಯುವಷ್ಟಿಲ್ಲ. ಅದಕ್ಕೆ ಪ್ರತಿಯಾಗಿ ತೆಳುತಗಡಿನ ನಳಿಕೆಯು ನಮ್ಮ ರಸ್ತೆಯ ಕುಲುಕಾಟಕ್ಕೆ ಬೆಸುಗೆಯ ಬಳಿಯಲ್ಲಿಯೇ ಸೀಳುತ್ತದೆ.

ಹಾಗಾದರೆ ಹೆಡರನ್ನು ಕೊಳ್ಳುವುದೇಕೆ? ಸದ್ದಿಗೆ. ಅದರ ಜೊತೆಯಲ್ಲಿಯೇ ಸೈಲೆನ್ಸರಿನ ಕರುಳನ್ನು ಕೀಳಿಸುವುದೂ ಸದ್ದಿಗೆ. ದೀಪಾವಳಿ ಕಳೆದು ಹೋರಿ ಬೆದರಿಸುವ ಹಬ್ಬಗಳು ಮೊದಲಾದಾಗ, ಸಿಂಗರಿಸಿದ ಹೋರಿಯನ್ನು ಹಿಂದೆ ನಿಲ್ಲಿಸಿಕೊಂಡು, ಆ ಮೂಕಪ್ರಾಣಿಯ ಕಿವಿಯ ಕೆಳಗೇ ಸಿಡಿಲು ಸಿಡಿಸುತ್ತ ಸಾಗುವ ಗಾಡಿಯನ್ನು ಕಂಡಾಗ ನನಗೆ ಪರಿಭಾಷೆ ಮರೆತುಹೋಗುತ್ತದೆ. ಅದೇ ಗಾಡಿ ಗುಡವಿಯ ಕೆರೆಯ ಪಕ್ಕದಲ್ಲಿಯೂ ಹಾಗೆಯೇ ಹೋಗುತ್ತದೆ. ಸರಕಾರವು 1989ರಲ್ಲಿ ಪಕ್ಷಿಧಾಮವೆಂದು ಸಾರುವುದಕ್ಕೆ ಮುಂಚಿನಿಂದಲೂ, ಮಳೆ ಹಿಡಿದೊಡನೆ, ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿಗಳು ಅಲ್ಲಿ ನೀರಿನಲ್ಲಿ ನಿಂತ ಮರಗಳ ಮೇಲೆ ಗೂಡುಕಟ್ಟುತ್ತ ಬಂದಿವೆ. ಬೆದರಿದ ತಾಯಿಹಕ್ಕಿ ಮೇಲೆದ್ದರೆ ಮೊಟ್ಟೆಯು ಬಿಸಿಲಿಗೂ ಕಾಗೆಗೂ ತೆರೆದುಕೊಳ್ಳುತ್ತದೆ. ಆ ಕೆರೆಗೆ ಬರುವ ಹಕ್ಕಿಗೆ ಬೇಕಾದುದೆಲ್ಲ ನೀರು, ಮರ, ಒಂದಿಷ್ಟು ನಿಶ್ಶಬ್ದ. ಮೂರನ್ನೂ ನಾವು ಚೂರುಚೂರಾಗಿ ಕಿತ್ತುಕೊಳ್ಳುತ್ತಿದ್ದೇವೆ, ಅದೂ ಯಾವ ಬಲವೂ ಬಾರದ ಒಂದು ಕೊಳವೆಯ ಸಲುವಾಗಿ! ಇದನ್ನು ಯಾರಿಗೆ ಹೇಳುವುದು? ಹೇಳಬೇಕಾದವರು ಶಬ್ದಮಾಲಿನ್ಯದ ಬಹುಮುಖೀ ಆಯಾಮಗಳನ್ನು ಧ್ವನಿವರ್ಧಕದಲ್ಲಿ ಪುನರವಲೋಕಿಸುತ್ತಿದ್ದಾರೆ.

ಆದುದರಿಂದ ಸಿದ್ಧಾಂತ: ಸೋರುವ ಗ್ಯಾಸ್ಕೆಟ್ಟನ್ನು ಬದಲಾಯಿಸಿ, ಮುರಿದ ಸ್ಟಡ್ಡನ್ನು ತೆಗೆಸಿ, ಬಿರುಕು ದೊಡ್ಡದಾಗಿದ್ದರೆ ಅದೇ ಮಾದರಿಯ ಎರಕದ ಮ್ಯಾನಿಫೋಲ್ಡನ್ನು ಹಾಕಿಸಿ, ಸೈಲೆನ್ಸರನ್ನು ಮುಟ್ಟಬೇಡಿ. ಈ ಮಾತು ರುಚಿಸದವರು ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯನ್ನು ಓದಿಕೊಳ್ಳಬಹುದು: ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಗಾಡಿಯ ಒಡೆಯನಿಗೆ 5000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ.